ದುಡ್ಡು ಕೊಟ್ಟು ಕೊಂಡ ಆಟ ನಮ್ಮದಲ್ಲವೇ?

ಸಂಪಾದಕರಿಗೆ ನಮಸ್ಕಾರ.

ಕೊಪ್ಪಳದ ಜವಾಹರ ರಸ್ತೆ ಹತ್ತಿರ ನನ್ನದೊಂದು ಚಿಕ್ಕ ಆನ್‌ಲೈನ್ ಸೆಂಟರ್ ಇದೆ. ಜೆರಾಕ್ಸ್, ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಪರೀಕ್ಷೆ ಅರ್ಜಿ, ಇದೇ ಕೆಲಸ. ಎರಡು-ಮೂರು ವರ್ಷದಿಂದ ಇನ್ನೊಂದು ಕೆಲಸ ಸೇರಿಕೊಂಡಿದೆ. ಜನ ಮೊಬೈಲ್ ಹಿಡಿದುಕೊಂಡು ಬಂದು, "ಅಣ್ಣಾರ, ರೊಕ್ಕ ಕಟ್ ಆಗೇತಿ, ಎಲ್ಲಿ ಹೋತು ನೋಡ್ರಿ" ಅನ್ನುತ್ತಾರೆ. ನೋಡಿ ನೋಡಿ ನನಗೆ ಸಾಕಾಗಿದೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾದರೂ ದಯವಿಟ್ಟು ಕತ್ತರಿಸದೆ ಹಾಕಿ.

ಗಿಣಿಗೇರಿ ಕಡೆಯ ಒಬ್ಬ ತಾಯಿ ಬಂದಿದ್ದರು. ಕೂಲಿ ಕೆಲಸ. ಗೃಹಲಕ್ಷ್ಮಿಯ ಎರಡು ಕಂತು ಒಟ್ಟಿಗೆ ಬಂದಿದೆ ಅಂತ ಮೆಸೇಜ್ ಇದೆ, ಬ್ಯಾಂಕಿಗೆ ಹೋದರೆ ಖಾತೆಯಲ್ಲಿ ದುಡ್ಡಿಲ್ಲ. ಯಾರೋ ಸೈಬರ್ ಕಳ್ಳರು ಎತ್ತಿದ್ದಾರೆ ಅಂದುಕೊಂಡು ಅಳುತ್ತಿದ್ದರು. ನಾನು ಯುಪಿಐ ಆ್ಯಪ್ ತೆಗೆದು ಪಾವತಿ ಪಟ್ಟಿ ನೋಡಿದೆ. 80 ರೂಪಾಯಿ, 80 ರೂಪಾಯಿ, 240, 80, 400. ಹೀಗೆ ಒಂಬತ್ತು ದಿನದಲ್ಲಿ 3,860 ರೂಪಾಯಿ. ಎಲ್ಲವೂ ಒಂದು ಮೊಬೈಲ್ ಆಟಕ್ಕೆ ಹೋಗಿತ್ತು. ಆರನೇ ಕ್ಲಾಸಿನ ಮಗ ತಾಯಿ ಪಿನ್ ಒತ್ತುವುದನ್ನು ನೋಡಿ ಕಲಿತಿದ್ದ. ವಜ್ರ ಕೊಂಡಿದ್ದ. ಅಂದರೆ ಪರದೆ ಮೇಲೆ ಹೊಳೆಯುವ ಚಿತ್ರ.

ಹುಡುಗನನ್ನು ಬಯ್ಯುವುದು ಸುಲಭ. ನಾನು ಆ ಆಟವನ್ನು ನನ್ನ ಫೋನಿಗೆ ಹಾಕಿಕೊಂಡು ಎರಡು ರಾತ್ರಿ ಆಡಿ ನೋಡಿದೆ. ಒಂದು ಕೋವಿಯ ಬಣ್ಣಕ್ಕೆ 120 ವಜ್ರ. ಆದರೆ ವಜ್ರ ಮಾರುವುದು 100ರ ಪೊಟ್ಟಣದಲ್ಲಿ. ಹಾಗಾಗಿ ಎರಡು ಪೊಟ್ಟಣ ಕೊಳ್ಳಲೇಬೇಕು. ಆಮೇಲೆ 80 ವಜ್ರ ಉಳಿಯುತ್ತದೆ. ಅದಕ್ಕೆ ಸರಿಯಾದ ಸಾಮಾನು ಯಾವುದೂ ಇರುವುದಿಲ್ಲ, ಮತ್ತೆ ಕೊಳ್ಳಬೇಕು. ಮೇಲೆ ಒಂದು ಗಡಿಯಾರ ಓಡುತ್ತಿರುತ್ತದೆ, ಇನ್ನು ಹತ್ತೇ ನಿಮಿಷ ಈ ಬೆಲೆ ಅಂತ. ಹತ್ತು ನಿಮಿಷ ಮುಗಿದ ಮೇಲೆ ಅದೇ ಗಡಿಯಾರ ಮತ್ತೆ ಶುರುವಾಗುತ್ತದೆ. ಬೇಡ ಅನ್ನುವ ಗುಂಡಿ ಮೂಲೆಯಲ್ಲಿ, ಕಣ್ಣಿಗೆ ಕಾಣದ ಬಣ್ಣದಲ್ಲಿ. ಹನ್ನೊಂದು ವರ್ಷದ ಹುಡುಗನ ಎದುರು ಇದನ್ನೆಲ್ಲ ಇಟ್ಟವರು ಓದಿದವರು, ದೊಡ್ಡ ಸಂಬಳದವರು. ತಪ್ಪು ಯಾರದು?

ಇಂಥ ಕುತಂತ್ರಕ್ಕೆ ಡಾರ್ಕ್ ಪ್ಯಾಟರ್ನ್ ಅನ್ನುತ್ತಾರೆ. ಗ್ರಾಹಕರನ್ನು ಹೀಗೆ ಸಿಕ್ಕಿಸುವ 13 ಬಗೆಗಳನ್ನು ಪಟ್ಟಿ ಮಾಡಿ, ಇವು ಮಾಡಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದೇ ಮಾರ್ಗಸೂಚಿ ಹೊರಡಿಸಿದೆ. ಸುಳ್ಳು ಅವಸರ ಹುಟ್ಟಿಸುವುದು ಆ ಪಟ್ಟಿಯಲ್ಲಿ ಮೊದಲೇ ಇದೆ. ಆದರೆ ಗಿಣಿಗೇರಿಯ ಆ ತಾಯಿಗೆ ಇದನ್ನು ಯಾರು ಹೇಳಬೇಕು? ಬ್ಯಾಂಕಿನವರು "ಪಿನ್ ಹಾಕಿದ್ದೀರಿ, ನಮ್ಮ ಕೈಯಲ್ಲಿ ಏನೂ ಇಲ್ಲ" ಅಂದರು. ಆಟದ ಕಂಪನಿಗೆ ಇಂಗ್ಲಿಷಿನಲ್ಲಿ ನಾಲ್ಕು ಸಲ ಬರೆದೆ. 18 ವರ್ಷ ತುಂಬದವರ ಕರಾರು ನಮ್ಮಲ್ಲಿ ಕರಾರೇ ಅಲ್ಲ, 1872ರ ಕಾನೂನು ಅದು, ಅಂತಲೂ ಬರೆದೆ. ಕೊನೆಗೆ 1,200 ರೂಪಾಯಿ ವಾಪಸ್ ಬಂತು. ಉಳಿದದ್ದು ಬರಲಿಲ್ಲ.

2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾನೂನಿನಲ್ಲಿ, 18 ತುಂಬದ ಮಕ್ಕಳ ಮಾಹಿತಿ ಬಳಸಬೇಕಾದರೆ ತಂದೆ-ತಾಯಿಯ ಒಪ್ಪಿಗೆ ಬೇಕು ಎಂದಿದೆ. ಮಾಹಿತಿಗೇ ಒಪ್ಪಿಗೆ ಬೇಕಾದರೆ ದುಡ್ಡಿಗೆ ಬೇಡವೇ?

ಇನ್ನು ನಮ್ಮ ಮನೆಯದೇ ವಿಷಯ. ನನ್ನ ಮಗ ಡಿಪ್ಲೊಮಾ ಓದುವಾಗ ಒಂದು ಕಾರ್ ರೇಸ್ ಆಟ ಕೊಂಡ. 2,499 ರೂಪಾಯಿ. ಗವಿಮಠದ ಜಾತ್ರೆಯಲ್ಲಿ ಗೆಳೆಯನ ಅಂಗಡಿಯಲ್ಲಿ ನಿಂತು ದುಡಿದ ದುಡ್ಡು ಅದು. ನಾನು ಬೇಡ ಅಂದಿದ್ದೆ, ಅವನು "ಒಂದ್ ಸಲ ಕೊಂಡ್ರ ಕಾಯಂ ನಂದೇ ಅಪ್ಪಾ" ಅಂದಿದ್ದ. ಕೊಳ್ಳುವಾಗ ಗುಂಡಿಯ ಮೇಲೆ ಕೊಳ್ಳಿ ಅಂತಲೇ ಇತ್ತು. ಬಂದ ರಸೀದಿಯಲ್ಲೂ ಕೊಂಡಿದ್ದೀರಿ ಅಂತಲೇ ಇತ್ತು. ಮೂರು ವರ್ಷದ ಮೇಲೆ ಕಂಪನಿ ತನ್ನ ಸರ್ವರ್ ಬಂದ್ ಮಾಡಿತು, ಅಂದರೆ ಇಂಟರ್‌ನೆಟ್ ಮೂಲಕ ಆಟ ನಡೆಸುವ ಕಂಪನಿಯ ಕಂಪ್ಯೂಟರ್. ಅವನು ಒಬ್ಬನೇ ಆಡುತ್ತಿದ್ದದ್ದು, ಬೇರೆಯವರ ಜೊತೆಗಲ್ಲ. ಆದರೂ ಆಟ ತೆರೆಯುವಾಗ ಪ್ರತಿ ಸಲ ಕಂಪನಿಯ ಸರ್ವರ್ ಕೇಳಿ ತೆರೆಯಬೇಕಂತೆ. ಕೇಳಲು ಸರ್ವರ್ ಇಲ್ಲ, ಹಾಗಾಗಿ ಆಟವೂ ಇಲ್ಲ. ದುಡ್ಡು ಕೇಳಿದರೆ, ನೀವು ಕೊಂಡದ್ದು ಆಟವಲ್ಲ, ಆಡುವ ಪರವಾನಗಿ, ಅದನ್ನು ಯಾವಾಗ ಬೇಕಾದರೂ ನಿಲ್ಲಿಸುವ ಹಕ್ಕು ನಮಗಿದೆ, ಒಪ್ಪಿದ್ದೀರಲ್ಲ ಅಂದರು. ಹೌದು, ಒಪ್ಪಿದ್ದ. ಒಪ್ಪದಿದ್ದರೆ ಮುಂದಿನ ಪುಟವೇ ತೆರೆಯುವುದಿಲ್ಲ. ಆ ಕರಾರು ಪತ್ರವನ್ನು ನಾನು ಪ್ರಿಂಟ್ ತೆಗೆದೆ. 31 ಪುಟ, ಎಲ್ಲ ಇಂಗ್ಲಿಷಿನಲ್ಲಿ.

ನಮ್ಮ ಮನೆಯ ಗೂಡಿನಲ್ಲಿ ಒಂದು ಕಿನ್ನಾಳದ ಕಾಮಧೇನು ಗೊಂಬೆ ಇದೆ. ನಮ್ಮ ಅಮ್ಮ ಮದುವೆಯಾಗಿ ಬಂದ ವರ್ಷ ಕೊಂಡದ್ದು. ಬಣ್ಣ ಸ್ವಲ್ಪ ಮಾಸಿದೆ, ಒಂದು ಕೋಡು ಮುರಿದಿದೆ. ಅದನ್ನು ಮಾಡಿದ ಚಿತ್ರಗಾರರು ತೀರಿಕೊಂಡು ಎಷ್ಟೋ ವರ್ಷವಾಯಿತು. ಗೊಂಬೆ ಇನ್ನೂ ನಮ್ಮದೇ. ನನ್ನ ಮಗ ಆಡಿದ, ನಾಳೆ ಅವನ ಮಕ್ಕಳೂ ಆಡಬಹುದು. ಬೇಕಾದರೆ ಮಾರಬಹುದು, ಯಾರಿಗಾದರೂ ಕೊಡಬಹುದು. ಕೊಳ್ಳುವುದು ಅಂದರೆ ನಮ್ಮ ಕಡೆ ಅರ್ಥ ಇಷ್ಟೇ.

ಕೆಲವರು ಹೇಳುತ್ತಾರೆ, ಕಂಪನಿ ಎಷ್ಟು ವರ್ಷ ಅಂತ ಸರ್ವರ್ ನಡೆಸಬೇಕು, ಕರೆಂಟ್ ಬಿಲ್ ಇಲ್ಲವೇ, ಸಂಬಳ ಇಲ್ಲವೇ ಅಂತ. ಮಾತು ಸರಿ. ನಾನೂ ಅಂಗಡಿ ನಡೆಸುವವನೇ, ಕರೆಂಟ್ ಬಿಲ್ ಅಂದರೇನು ಅಂತ ನನಗೆ ಗೊತ್ತು. ಸದಾ ಕಾಲ ನಡೆಸಿ ಅಂತ ಯಾರೂ ಕೇಳುತ್ತಿಲ್ಲ. ಬಾಗಿಲು ಹಾಕಿಕೊಂಡು ಹೋಗುವಾಗ ಬೀಗದ ಕೈ ನಮಗೆ ಕೊಟ್ಟು ಹೋಗಿ ಅನ್ನುತ್ತಿದ್ದೇವೆ. ಅದು ಆಗದ ಕೆಲಸವಲ್ಲ. ಹೇಗೆ ಗೊತ್ತು ಅಂದರೆ, ಈಗಿನ ಸೆಂಟರ್ ಆಗುವ ಮೊದಲು ಇದೇ ಮಳಿಗೆಯಲ್ಲಿ ನನ್ನ ಸೈಬರ್ ಕೆಫೆ ಇತ್ತು. ಆರು ಕಂಪ್ಯೂಟರ್. ಬಿಎಸ್‌ಎನ್‌ಎಲ್ ಲೈನ್ ದಿನಕ್ಕೆ ಮೂರು ಸಲ ಹೋಗುತ್ತಿತ್ತು. ಆದರೂ ಕಾಲೇಜು ಹುಡುಗರು ಸಂಜೆ ಆರಕ್ಕೇ ಬಂದು ಕೂರುತ್ತಿದ್ದರು, ಕೌಂಟರ್ ಸ್ಟ್ರೈಕ್ ಆಡಲು. ಆರು ಕಂಪ್ಯೂಟರಿಗೆ ಒಂದು ವೈರು ಎಳೆದು ಜೋಡಿಸಿದರೆ ಆಯಿತು. ಇಂಟರ್‌ನೆಟ್ಟೂ ಬೇಡ, ಕಂಪನಿಯ ಅಪ್ಪಣೆಯೂ ಬೇಡ. ನಮ್ಮ ಕೆಫೆಯ ಒಂದು ಕಂಪ್ಯೂಟರೇ ಸರ್ವರ್. ಅದು 2000ದ ಸುಮಾರಿನ ಆಟ, ಇವತ್ತೂ ಜನ ತಮ್ಮದೇ ಸರ್ವರ್ ಇಟ್ಟುಕೊಂಡು ಆಡುತ್ತಾರೆ. ಇಪ್ಪತ್ತೈದು ವರ್ಷದ ಹಿಂದೆ ಸಾಧ್ಯವಿದ್ದದ್ದು ಈಗ ಸಾಧ್ಯವಿಲ್ಲ ಅಂದರೆ ನಾನು ನಂಬುವುದಿಲ್ಲ.

ಯುರೋಪಿನಲ್ಲಿ ಈ ಮಾತು ಈಗ ದೊಡ್ಡದಾಗಿದೆ. ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿ 2014ರಲ್ಲಿ ಬಿಟ್ಟಿದ್ದ ದ ಕ್ರೂ ಎಂಬ ಕಾರ್ ಆಟವನ್ನು 2024ರ ಮಾರ್ಚ್ 31ರಂದು ಬಂದ್ ಮಾಡಿತು. ಒಬ್ಬರೇ ಆಡುತ್ತಿದ್ದವರಿಗೂ ಆಟ ಸತ್ತುಹೋಯಿತು. ಆಗ ರಾಸ್ ಸ್ಕಾಟ್ ಎಂಬ ಯೂಟ್ಯೂಬರ್ ಸ್ಟಾಪ್ ಕಿಲ್ಲಿಂಗ್ ಗೇಮ್ಸ್, ಅಂದರೆ ಆಟಗಳನ್ನು ಕೊಲ್ಲುವುದು ನಿಲ್ಲಿಸಿ, ಅಂತ ಚಳವಳಿ ಶುರು ಮಾಡಿದ. ಯುರೋಪಿಯನ್ ಒಕ್ಕೂಟದಲ್ಲಿ ಒಂದು ಪದ್ಧತಿ ಇದೆ, ಒಂದು ವಿಷಯದ ಮೇಲೆ ನಾಗರಿಕರ 10 ಲಕ್ಷ ಸಹಿ ಬಂದರೆ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್ ಅದಕ್ಕೆ ಉತ್ತರ ಕೊಡಲೇಬೇಕು. 2025ರ ಜುಲೈನಲ್ಲಿ ಆ ಸಹಿ 10 ಲಕ್ಷ ದಾಟಿತು. ವಿಡಿಯೊ ಗೇಮಿಗಾಗಿ! ಅದೇ ಯೂಬಿಸಾಫ್ಟ್ ಆಮೇಲೆ ಆ ಆಟದ ಎರಡನೇ ಭಾಗಕ್ಕೆ ಇಂಟರ್‌ನೆಟ್ ಇಲ್ಲದೆ ಆಡುವ ವ್ಯವಸ್ಥೆ ಮಾಡಿಕೊಟ್ಟಿತು. ಅಂದರೆ ಜನ ಕೇಳಿದರೆ ಆಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಹೊಸ ಕಾನೂನು ಇದೆ. ಕೊಡುತ್ತಿರುವುದು ಬರೀ ಪರವಾನಗಿ ಅಂತ ಎದ್ದು ಕಾಣುವಂತೆ ಹೇಳದೆ ಕೊಳ್ಳಿ ಅನ್ನುವ ಪದ ಬಳಸಿ ಇಂಥದ್ದನ್ನು ಮಾರುವಂತಿಲ್ಲ. ದುಡ್ಡು ವಾಪಸ್ ಕೊಡುವುದೂ ಹೊಸದೇನಲ್ಲ. ಗೂಗಲ್ ಇಂಟರ್‌ನೆಟ್ ಮೂಲಕ ಆಟ ಆಡಿಸುತ್ತಿದ್ದ ತನ್ನ ಸ್ಟೇಡಿಯಾ ಸೇವೆಯನ್ನು 2023ರ ಜನವರಿಯಲ್ಲಿ ಮುಚ್ಚುವಾಗ ಜನ ಕೊಂಡ ಆಟಗಳ ದುಡ್ಡು ಹಿಂದಿರುಗಿಸಿತು. ಸೋನಿ 2024ರಲ್ಲಿ ಕಾಂಕಾರ್ಡ್ ಎಂಬ ಆಟವನ್ನು ಎರಡೇ ವಾರಕ್ಕೆ ನಿಲ್ಲಿಸಿದಾಗಲೂ ಕೊಟ್ಟಿತು.

ನಮ್ಮಲ್ಲಿ ಏನಾಯಿತು? ನಮ್ಮಲ್ಲೂ ಕಾನೂನು ಬಂತು. ಆದರೆ ಇದನ್ನು ಬಿಟ್ಟು ಬಂತು.

2025ರ ಆಗಸ್ಟ್ 20ರಂದು ಆನ್‌ಲೈನ್ ಗೇಮಿಂಗ್ ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಿದರು, ಅವತ್ತೇ ಪಾಸಾಯಿತು. ಮರುದಿನ ರಾಜ್ಯಸಭೆ. 22ರಂದು ರಾಷ್ಟ್ರಪತಿಗಳ ಅಂಕಿತ. ದುಡ್ಡು ಪಣಕ್ಕಿಟ್ಟು ಆಡುವ ಆಟಗಳನ್ನು ಪೂರ್ತಿ ನಿಷೇಧಿಸಿದ ಈ ಕಾನೂನನ್ನು ನಾನು ಮನಸಾರೆ ಒಪ್ಪುತ್ತೇನೆ. ನಡೆಸುವವರಿಗೆ 3 ವರ್ಷದ ತನಕ ಜೈಲು, 1 ಕೋಟಿ ರೂಪಾಯಿ ತನಕ ದಂಡ. ಆಡಿ ಕಳೆದುಕೊಂಡವನಿಗೆ ಶಿಕ್ಷೆ ಇಲ್ಲ, ಅದೂ ಸರಿ. ಇಂಥ ಆಟಗಳಲ್ಲಿ ಜನ ವರ್ಷಕ್ಕೆ ಸುಮಾರು 20 ಸಾವಿರ ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆ ಎಂದು ಸರ್ಕಾರವೇ ಅಂದಾಜು ಮಾಡಿತ್ತು. ಅದರಲ್ಲಿ ನಮ್ಮ ಕಡೆಯ ದುಡ್ಡೂ ಇದೆ. ಗಂಗಾವತಿಯ ರೈಸ್ ಮಿಲ್ಲಿನ ಹಮಾಲಿ ಹುಡುಗರು ವಾರದ ಬಟವಾಡೆಯನ್ನು ಶನಿವಾರ ರಾತ್ರಿಯೇ ರಮ್ಮಿಯಲ್ಲಿ ಕಳೆದುಕೊಂಡು, ಸೋಮವಾರ ನನ್ನ ಹತ್ತಿರ ಸಾಲದ ಆ್ಯಪಿಗೆ ಅರ್ಜಿ ಹಾಕಿಕೊಡಿ ಅಂತ ಬಂದದ್ದನ್ನು ನೋಡಿದ್ದೇನೆ. ಕರ್ನಾಟಕ ಸರ್ಕಾರ 2021ರಲ್ಲೇ ಇದನ್ನು ತಡೆಯಲು ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತ್ತು, 2022ರ ಫೆಬ್ರುವರಿಯಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. ಈಗ ಕೇಂದ್ರದ ಕಾನೂನಿನ ಮೇಲಿನ ಮೊಕದ್ದಮೆಗಳೂ ಸುಪ್ರೀಂ ಕೋರ್ಟ್ ಮುಂದೆ ಹೋಗಿವೆ.

ನನ್ನ ಬೇಸರ ಬೇರೆ. ಅದೇ ಕಾನೂನು ದುಡ್ಡಿನ ಪಣ ಇಲ್ಲದ ಆಟಗಳನ್ನು, ಇ-ಸ್ಪೋರ್ಟ್ಸ್ ಅನ್ನು, ಅಂದರೆ ಸ್ಪರ್ಧೆಯಾಗಿ ಆಡುವ ವಿಡಿಯೊ ಗೇಮುಗಳನ್ನು, ಒಪ್ಪುತ್ತದೆ. ಅಂಥ ಆಟಕ್ಕೆ ಒಂದೇ ಸಲದ ಶುಲ್ಕವೋ ಚಂದಾವೋ ತೆಗೆದುಕೊಳ್ಳಬಹುದು ಅನ್ನುತ್ತದೆ. ಶುಲ್ಕ ಕೊಟ್ಟವನಿಗೆ ಏನು ಸಿಗಬೇಕು, ಎಷ್ಟು ದಿನ ಸಿಗಬೇಕು, ನಿಂತುಹೋದರೆ ಏನು ಮಾಡಬೇಕು, ಅದರ ಬಗ್ಗೆ ಮಾತಿಲ್ಲ. ಎರಡು ದಿನದಲ್ಲಿ ಎರಡು ಸದನ ದಾಟಿದ ಮಸೂದೆಯಲ್ಲಿ ಇಷ್ಟೆಲ್ಲ ಯೋಚಿಸಲು ಹೊತ್ತೆಲ್ಲಿತ್ತು? ಬಿಹಾರದ ಮತದಾರರ ಪಟ್ಟಿಯ ವಿಷಯಕ್ಕೆ ವಿರೋಧ ಪಕ್ಷಗಳು ಗಲಾಟೆ ಮಾಡುತ್ತಿದ್ದವು, ಆ ಗಲಾಟೆಯ ನಡುವೆಯೇ ಧ್ವನಿಮತದಲ್ಲಿ ಪಾಸು ಮಾಡಿದರು. ಮತದಾರರ ಪಟ್ಟಿಯ ವಿಷಯ ಸಣ್ಣದಲ್ಲ, ಒಪ್ಪುತ್ತೇನೆ. ಆದರೆ ಮನೆ ಮನೆಯ ಮೊಬೈಲಿಗೆ ಸಂಬಂಧಿಸಿದ ಒಂದು ಮಸೂದೆಗೆ ಎರಡೂ ಕಡೆಯವರು ಸೇರಿ ಒಂದು ದಿನ ಕೂತು ಮಾತಾಡಿದ್ದರೆ, ನಮ್ಮ ಕೊಪ್ಪಳದ ಸಂಸದರಾದ ರಾಜಶೇಖರ ಹಿಟ್ನಾಳ ಅವರಂಥವರಿಗೂ ಎದ್ದು ನಿಂತು ನಮ್ಮ ಮಕ್ಕಳ ಬಗ್ಗೆ ಎರಡು ಮಾತು ಹೇಳಲು ಅವಕಾಶ ಸಿಗುತ್ತಿತ್ತು ಅಲ್ವಾ?

ಸರ್ಕಾರವೇ ಆಟ ನಿಲ್ಲಿಸಿದಾಗಲೂ ಇದೇ ಕಥೆ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಸೇರಿ 118 ಆ್ಯಪ್ ನಿಷೇಧವಾಯಿತು. ದೇಶದ ಭದ್ರತೆ ದೊಡ್ಡದು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಪಬ್‌ಜಿ ಆಟಕ್ಕೆ ಸಾವಿರಾರು ರೂಪಾಯಿ ಹಾಕಿದ್ದ ಹುಡುಗರ ದುಡ್ಡಿನ ಬಗ್ಗೆ ಒಂದು ಸಾಲೂ ಬರಲಿಲ್ಲ. 2021ರ ಜುಲೈನಲ್ಲಿ ಅದೇ ಆಟ ಬಿಜಿಎಂಐ ಹೆಸರಿನಲ್ಲಿ ಬಂದಾಗ ಹಳೆಯ ಖಾತೆಯ ಸಾಮಾನು ತಂದುಕೊಳ್ಳಲು ದಾರಿ ಕೊಟ್ಟರು. ಅದು ಕಂಪನಿ ಮನಸ್ಸು ಮಾಡಿದ್ದಕ್ಕೆ ಆಯಿತು, ಕಾನೂನು ಇತ್ತು ಅಂತಲ್ಲ. 2022ರ ಜುಲೈನಲ್ಲಿ ಅದೂ ಆ್ಯಪ್ ಅಂಗಡಿಗಳಿಂದ ಹೋಯಿತು, 2023ರಲ್ಲಿ ಮತ್ತೆ ಬಂತು. ಹುಡುಗರು ಮಾತ್ರ ಸುಮ್ನೆ ಕಾಯುತ್ತಾ ಕೂತರು. ಆನ್‌ಲೈನ್‌ನಲ್ಲಿ ಆಟ ಕೊಂಡಾಗ 18% ಜಿಎಸ್‌ಟಿ ಕಟ್ಟುತ್ತೇವೆ. ತೆರಿಗೆ ತೆಗೆದುಕೊಂಡ ಮೇಲೆ ನಮ್ಮ ಹಕ್ಕನ್ನೂ ನೋಡಿಕೊಳ್ಳಬೇಕಾದ್ದು ಸರ್ಕಾರದ ಕರ್ತವ್ಯ.

ಇದು ಆಟಕ್ಕಷ್ಟೇ ಸೇರಿದ್ದೂ ಅಲ್ಲ. ನಮ್ಮ ಪಕ್ಕದ ಮೊಬೈಲ್ ರಿಪೇರಿ ಅಂಗಡಿಯ ತಮ್ಮ ಹೇಳುತ್ತಿದ್ದ, ಕೆಲವು ಫೋನಿಗೆ ಅವನು ಹೊಸ ಡಿಸ್‌ಪ್ಲೇ ಹಾಕಿದರೆ ಇದು ನಮ್ಮ ಅಸಲಿ ಭಾಗವಲ್ಲ ಅಂತ ಫೋನೇ ಗಿರಾಕಿಗೆ ಎಚ್ಚರಿಕೆ ಕೊಡುತ್ತದಂತೆ. ಗಿರಾಕಿ ಇವನ ಮೇಲೆ ಅನುಮಾನ ಪಡುತ್ತಾನೆ. ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಬೇಕಾದರೆ ಹುಬ್ಬಳ್ಳಿಗೆ ಹೋಗಬೇಕು, ಒಂದು ದಿನದ ದುಡಿಮೆ ಹೋಯಿತು. ರೈಟ್ ಟು ರಿಪೇರ್, ಅಂದರೆ ರಿಪೇರಿ ಮಾಡಿಸಿಕೊಳ್ಳುವ ಹಕ್ಕು, ಅಂತ ಕೇಂದ್ರ ಸರ್ಕಾರ 2022ರಲ್ಲಿ ಒಂದು ಪೋರ್ಟಲ್ ಮಾಡಿತು. ಅಲ್ಲಿ ಮಾಹಿತಿ ಸಿಗುತ್ತದೆ. ಮಾಹಿತಿ ಬೇರೆ, ಹಕ್ಕು ಬೇರೆ.

ಈಗ ಇರುವ ಕಾನೂನಿನಲ್ಲೂ ಕೆಲವು ದಾರಿಗಳಿವೆ, ಅದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಕಳ್ಳರು ದುಡ್ಡು ಹೊಡೆದಿದ್ದರೆ 1930ಕ್ಕೆ ಫೋನ್ ಮಾಡಬೇಕು, ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು. ಕಂಪನಿ ಮೋಸ ಮಾಡಿದ್ದರೆ 1915, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. 2019ರ ಗ್ರಾಹಕ ರಕ್ಷಣಾ ಕಾಯ್ದೆ ಬಂದ ಮೇಲೆ ನಾವು ಇರುವ ಊರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕಂಪನಿ ಬೆಂಗಳೂರಿನಲ್ಲಿರಲಿ, ಗುರುಗ್ರಾಮದಲ್ಲಿರಲಿ, ಅವರೇ ಕೊಪ್ಪಳಕ್ಕೆ ಉತ್ತರ ಕೊಡಬೇಕು. 5 ಲಕ್ಷ ರೂಪಾಯಿ ತನಕದ ಖರೀದಿಗೆ ಶುಲ್ಕ ಇಲ್ಲ. ವಕೀಲರು ಇರಲೇಬೇಕು ಅಂತಲೂ ಇಲ್ಲ. ಎರಡು ವರ್ಷದ ಒಳಗೆ ಕೊಡಬೇಕು, ಅಷ್ಟೇ. 2025ರ ಜನವರಿಯಿಂದ ಇ-ಜಾಗೃತಿ ಎಂಬ ಪೋರ್ಟಲಿನಲ್ಲಿ ಮನೆಯಿಂದಲೇ ದೂರು ಹಾಕಬಹುದು.

ಆದರೆ ಇಲ್ಲೊಂದು ತೊಡಕಿದೆ. ಆ 31 ಪುಟದ ಕರಾರು ಅನ್ಯಾಯದ್ದು, ಅದನ್ನೇ ರದ್ದು ಮಾಡಿ ಅಂತ ಕೇಳಬೇಕಾದರೆ ಜಿಲ್ಲಾ ಆಯೋಗಕ್ಕೆ ಆ ಅಧಿಕಾರ ಇಲ್ಲ. ರಾಜ್ಯ ಆಯೋಗಕ್ಕೆ ಹೋಗಬೇಕು. 2,499 ರೂಪಾಯಿಯ ಆಟಕ್ಕೆ ಕೊಪ್ಪಳದವನು ರಾಜ್ಯ ಆಯೋಗದ ಬಾಗಿಲು ತಟ್ಟುತ್ತಾನೆಯೇ? ಅನ್ಯಾಯದ ಕರಾರಿನ ದೂರನ್ನು ಜಿಲ್ಲೆಯಲ್ಲೇ ಕೇಳುವಂತೆ ಕಾಯ್ದೆಗೆ ತಿದ್ದುಪಡಿ ಬೇಕು. ಇದು ನನ್ನ ಮೊದಲ ಬೇಡಿಕೆ. ಇನ್ನು ಆಟದ ಕಾನೂನಿನ ಕೆಳಗೆ ಒಂದು ಪ್ರಾಧಿಕಾರ ಮಾಡಲು, ಬಳಕೆದಾರರಿಗೆ ತೊಂದರೆ ಕೊಡುವ ಆಟಗಳ ದೂರು ಕೇಳುವ ಕೆಲಸ ಅದಕ್ಕೆ ಕೊಡಲು ಅವಕಾಶ ಇದೆ. ಹೊಸ ಕಾನೂನು ತರಬೇಕಾಗಿಲ್ಲ, ನಿಯಮದಲ್ಲಿ ನಾಲ್ಕು ಸಾಲು ಸೇರಿಸಿದರೆ ಸಾಕು. ಆಟ ಮಾರುವಾಗಲೇ ಇಂಥ ತಾರೀಖಿನ ತನಕ ಖಂಡಿತ ನಡೆಯುತ್ತದೆ ಅಂತ ಬರೆಯಬೇಕು, ಕನ್ನಡದಲ್ಲೂ ಬರೆಯಬೇಕು. ನಿಲ್ಲಿಸುವಾಗ ಇಂಟರ್‌ನೆಟ್ ಇಲ್ಲದೆ ಆಡುವಂತೆ ಮಾಡಿಕೊಟ್ಟು ಹೋಗಬೇಕು, ಇಲ್ಲವೇ ದುಡ್ಡು ವಾಪಸ್ ಕೊಡಬೇಕು. ಬೆಲೆಯನ್ನು ವಜ್ರದಲ್ಲಲ್ಲ, ರೂಪಾಯಿಯಲ್ಲಿ ತೋರಿಸಬೇಕು.

ಕೇಂದ್ರದಲ್ಲಿ ಗ್ರಾಹಕ ವ್ಯವಹಾರ ಖಾತೆ ಧಾರವಾಡದ ಸಂಸದರಾದ ಪ್ರಹ್ಲಾದ ಜೋಶಿ ಅವರ ಹತ್ತಿರ ಇದೆ. ರಾಜ್ಯದಲ್ಲಿ ಐಟಿ-ಬಿಟಿ ಖಾತೆ ನಮ್ಮ ಕಲ್ಯಾಣ ಕರ್ನಾಟಕದವರೇ ಆದ ಪ್ರಿಯಾಂಕ್ ಖರ್ಗೆ ಅವರ ಹತ್ತಿರ ಇದೆ. ಪಕ್ಷ ಬೇರೆ, ದಿನಾ ಒಬ್ಬರ ಮೇಲೊಬ್ಬರು ಹೇಳಿಕೆ ಕೊಡುತ್ತಾರೆ, ನಾವು ಓದುತ್ತೇವೆ. ಗೇಮಿಂಗ್ ಮತ್ತು ಆನಿಮೇಷನ್ ಕಂಪನಿಗಳಿಗೆ ಉತ್ತೇಜನ ಕೊಡಲು ರಾಜ್ಯ ಸರ್ಕಾರ 2024ರಿಂದ 2029ರ ತನಕದ ನೀತಿಯನ್ನೇ ಮಾಡಿದೆ, ಒಳ್ಳೆಯದು, ನಮ್ಮ ಹುಡುಗರಿಗೆ ಕೆಲಸ ಸಿಗಲಿ. ಮಾಡುವವರಿಗೆ ನೀತಿ ಇದ್ದ ಹಾಗೆ ಕೊಳ್ಳುವವರಿಗೂ ಒಂದು ನಿಯಮ ಬೇಕು ಅಂತ ರಾಜ್ಯದಿಂದ ಒಂದು ಪತ್ರ ದೆಹಲಿಗೆ ಹೋಗಲಿ, ಅಲ್ಲಿ ಅದನ್ನು ಜೋಶಿಯವರು ಕೈಗೆತ್ತಿಕೊಳ್ಳಲಿ. ಇದರಲ್ಲಿ ಯಾವ ಪಕ್ಷಕ್ಕೂ ನಷ್ಟ ಇಲ್ಲ.

ನನ್ನ ಮಗನ ದೂರನ್ನು ಈ ವಾರ ಇ-ಜಾಗೃತಿಯಲ್ಲಿ ಹಾಕುತ್ತಿದ್ದೇನೆ, ಕೊಪ್ಪಳದ ಆಯೋಗಕ್ಕೆ. ಬರೀ 2,499 ರೂಪಾಯಿಗೆ ಇಷ್ಟು ಓಡಾಟ ಯಾಕೆ ಅಂತ ಮನೆಯಲ್ಲೇ ಕೇಳುತ್ತಿದ್ದಾರೆ. ಮಗ ಮಾತ್ರ ರಸೀದಿ, ಕಂಪನಿಯ ಮೇಲ್, ಆಟ ತೆರೆಯದೆ ನಿಂತ ಪರದೆಯ ಫೋಟೊ ಎಲ್ಲ ಒಂದು ಫೈಲಿನಲ್ಲಿ ಜೋಡಿಸಿಟ್ಟಿದ್ದಾನೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿ ಕಡೆ ಇಂಥದ್ದು ಆದವರು ಯಾರಾದರೂ ಇದ್ದರೆ ರಸೀದಿ ಮತ್ತು ಬ್ಯಾಂಕ್ ಮೆಸೇಜ್ ಅಳಿಸಬೇಡಿ, ಇಟ್ಟುಕೊಂಡಿರಿ. ಜವಾಹರ ರಸ್ತೆಗೆ ಸಂಜೆ ಏಳರ ಮೇಲೆ ಬನ್ನಿ, ಆಗ ಅಂಗಡಿಯಲ್ಲಿ ಗದ್ದಲ ಕಡಿಮೆ. ದೂರು ಬರೆದುಕೊಡುತ್ತೇನೆ, ಪ್ರಿಂಟಿಗೆ ದುಡ್ಡು ಬೇಡ. ಗಿಣಿಗೇರಿಯ ಅಕ್ಕ ಬರುವ ಸೋಮವಾರ ಬರುತ್ತೇನೆ ಅಂದಿದ್ದಾರೆ.

ಇಂತಿ,
ಆನ್‌ಲೈನ್ ಸೆಂಟರ್ ನಡೆಸುವ ಒಬ್ಬ ಓದುಗ, ಕೊಪ್ಪಳ